ಹೋಟೆಲ್ಲಿನಲ್ಲಿ ಇಳಿದ ಬೀಗರು

ಮಗಳ ಮದುವೆಯ ಮಾತುಕತೆಗೆಂದು ಕಿಜಿಲೋರ್ಡಾದಿಂದ ಜಾನಿಲ್ ಮತ್ತು ಅವಳ ಗಂಡ ಸೆಯಿಲ್‌ಬೆಕ್ ಅಲ್ಮಾಟಿಗೆ ಬಂದಿಳಿದಾಗ ಭಾವಿ ಅಳಿಯ ಡೌರೆನ್ ಕಾರು ತಂದಿದ್ದ. ಆದರೆ ಕಾರು ಅವನ ಮನೆಯ ಕಡೆ ತಿರುಗಲಿಲ್ಲ. ಬೆಟ್ಟದ ಬುಡದಲ್ಲಿ ಹೊಸದಾಗಿ ಎದ್ದಿದ್ದ ಜಪಾನಿ ಮಾದರಿಯ ದೊಡ್ಡ ಹೋಟೆಲ್ಲಿನ ಮುಂದೆ ಹೋಗಿ ನಿಂತಿತು.

“ಅಮ್ಮನೇ ಆರಿಸಿದ್ದು, ಅತ್ತೆ. ಆರಾಮಾಗಿರಿ. ಸಂಜೆ ಊಟಕ್ಕೆ ನಾವೇ ಇಲ್ಲಿಗೆ ಬರ್ತೀವಿ,” ಎಂದು ಹೇಳಿ ಅವನು ಅವಸರದಲ್ಲಿ ಹೊರಟುಹೋದ.

ಜಾನಿಲ್ ನಕ್ಕಳು, ಒಳಗೇ ಕುದಿದಳು. ಬೀಗರು ಬಂದರೆ ಕುರಿ ಕೊಯ್ದು, ಬೇಯಿಸಿದ ತಲೆಯನ್ನು ಮುಂದಿಟ್ಟು ಮನೆಯಲ್ಲೇ ಉಪಚರಿಸಬೇಕು. ಹೋಟೆಲ್ಲಿನಲ್ಲಿ ಇಳಿಸುವುದೆಂದರೇನು?

ಕೋಣೆಯಲ್ಲಿ ಕಾಗದದ ಜಾರುಬಾಗಿಲು, ಹುಲ್ಲುಚಾಪೆ, ಗಿಡ್ಡ ಮೇಜು, ನೆಲದ ಮೇಲೆಯೇ ಹಾಸಿಗೆ.

“ನೋಡೇ, ನಮ್ಮಜ್ಜಿ ಮನೆ ಥರಾನೇ ಇದೆ! ನೆಲದ ಮೇಲೆ ಮಲಗೋಕೆ ಇಷ್ಟು ದೊಡ್ಡ ಕಟ್ಟಡ ಬೇಕಿತ್ತಾ?” ಎನ್ನುತ್ತ ಸೆಯಿಲ್‌ಬೆಕ್ ಮರದ ತೊಟ್ಟಿಯ ಬಿಸಿನೀರಿಗೆ ಇಳಿದ.

“ನೀವು ಮುಳುಗಿ ಕೂತಿರಿ. ನಂಗ್ಯಾಕೋ ಇದು ಸರಿ ಕಾಣ್ತಿಲ್ಲ. ಅವರಿಗೆ ಮನೇನೇ ಇಲ್ವೋ ಏನೋ. ಇಲ್ಲಾ ಆ ಬೀಗಿತ್ತಿ ಗಂಡ ಜೈಲಲ್ಲಿದಾನೋ.”

“ಅವನು ಸತ್ತು ಎಷ್ಟೋ ವರ್ಷ ಆಯ್ತಲ್ಲೇ.”

“ಹಾಗಂತ ಹೇಳಿದೋರು ಅವರೇ ಅಲ್ವಾ!”

ಅಷ್ಟರಲ್ಲಿ ಡೌರೆನ್‌ನ ತಾಯಿ ಬಿಬಿನುರ್ ಫೋನು ಮಾಡಿದಳು. ಮಾತು ಜೇನಿನಂತಿತ್ತು. ಹಿಂದಿನಿಂದ ಯಾರೋ ಕಿರುಚಿದ್ದು ಕೇಳಿಸಿತು. “ಏನದು?” ಎಂದು ಜಾನಿಲ್ ಕೇಳಿದ್ದಕ್ಕೆ, “ಟಿವಿ, ಟಿವಿ,” ಎಂದವಳೇ ಫೋನಿಟ್ಟಳು.

ಅಲ್ಮಾಟಿಯಲ್ಲೇ ಓದುತ್ತಿದ್ದ ಮಗಳು ಅಯ್‌ಜಮಾಲ್‌ಗೆ ಜಾನಿಲ್ ಕರೆ ಮಾಡಿದಳು.

“ನೀನು ಆ ಮನೆ ಒಳಗೆ ಹೋಗಿದೀಯೇನೇ?”

“ಒಂದ್ಸಲ ಹೋಗಿದ್ದೆ. ಅಮ್ಮಾ, ಇವತ್ತೊಂದಿನ ಸುಮ್ನಿರು.”

ಇನ್ನು ಸುಮ್ಮನಿರುವುದು ಹೇಗೆ? ಹಿಂದೆ ಉಡುಗೊರೆ ಕಳಿಸಿದ್ದ ವಿಳಾಸ ಅವಳ ಬಳಿ ಇತ್ತು. ತಲೆ ಒರೆಸಿಕೊಳ್ಳುತ್ತಿದ್ದ ಗಂಡನನ್ನು ಎಬ್ಬಿಸಿಕೊಂಡು ಟ್ಯಾಕ್ಸಿ ಹತ್ತಿದಳು.

ಸೇಬಿನ ಮರಗಳ ನಡುವೆ ಒಳ್ಳೆಯ ಮನೆಯೇ ಇತ್ತು. ಕೈಗೆಲ್ಲ ಹಿಟ್ಟು ಮೆತ್ತಿಕೊಂಡು ಬಾಗಿಲು ತೆರೆದ ಬಿಬಿನುರ್ ಅವರನ್ನು ಕಂಡು ಬಿಳುಚಿಕೊಂಡಳು. ಅವಳ ಹಿಂದೆ ಹಣ್ಣು ಹಣ್ಣು ಮುದುಕಿಯೊಬ್ಬಳು ಬಂದಳು.

“ಕುರಿ ಹೊಡ್ಕೊಂಡು ಹೋಗೋಕೆ ಮತ್ತೆ ಬಂದ್ರಾ? ಏನೂ ಉಳಿದಿಲ್ಲ, ತೊಲಗಿ!” ಎಂದು ಕೈಯಲ್ಲಿದ್ದ ಚಹಾ ಬಟ್ಟಲನ್ನು ಎಸೆದಳು. ಅದು ಸೆಯಿಲ್‌ಬೆಕ್‌ನ ಭುಜಕ್ಕೆ ಬಡಿದು ನೆಲಕ್ಕೆ ಬಿದ್ದು ಒಡೆಯಿತು.

“ನಮ್ಮತ್ತೆ,” ಎಂದಳು ಬಿಬಿನುರ್, ತಲೆ ತಗ್ಗಿಸಿ. “ಇವರು ಚಿಕ್ಕೋರಿದ್ದಾಗ ಸರ್ಕಾರದೋರು ಇವರ ಮನೆ ಕುರಿಮಂದೆನೆಲ್ಲ ಹೊಡ್ಕೊಂಡು ಹೋದ್ರಂತೆ. ಈಗ ನೆನಪು ಕೆಟ್ಟು ಹೊಸಬರೆಲ್ಲ ಆ ಸರ್ಕಾರದೋರ ಹಾಗೇ ಕಾಣ್ತಾರೆ. ಡೌರೆನ್‌ಗೆ ಬಂದಿದ್ದ ಹಿಂದಿನ ಸಂಬಂಧ ಇದಕ್ಕೇ ಮುರಿದುಬಿತ್ತು.”

“ಅಯ್‌ಜಮಾಲ್ ಎಲ್ಲಿ? ಅವಳು ಬಂದು ತಲೆ ಬಾಚೋ ತನಕ ನಾನು ಊಟ ಮಾಡಲ್ಲ,” ಎಂದು ಮುದುಕಿ ಹಟ ಹಿಡಿದಳು.

ಜಾನಿಲ್‌ಗೆ ಕೆನ್ನೆಗೆ ಹೊಡೆದಂತಾಯಿತು. “ನನ್ನ ಮಗಳನ್ನ ಸೊಸೆ ಮಾಡ್ಕೋತೀರೋ, ಆಳು ಮಾಡ್ಕೋತೀರೋ?”

“ದಿನಾ ಬರಬೇಡ ಅಂತ ನಾನೇ ಹೇಳಿದೆ. ಅವಳು ಕೇಳಲಿಲ್ಲ. ನಿಮಗೆ ಬೇಡ ಅನ್ನಿಸಿದ್ರೆ ಈಗಲೇ ಹೇಳ್ಬಿಡಿ.”

ಸೆಯಿಲ್‌ಬೆಕ್ ಒಡೆದ ಚೂರುಗಳನ್ನು ಆರಿಸಿ ಪಕ್ಕಕ್ಕಿಟ್ಟು ಹೊಸ್ತಿಲ ಹೊರಗೇ ಕುಕ್ಕರಗಾಲಲ್ಲಿ ಕೂತ.

“ಅಜ್ಜಿ, ನಾವು ಕುರಿ ಒಯ್ಯೋರಲ್ಲ. ವಾಪಸ್ ಕೊಡೋಕೆ ಬಂದೋರು.”

ಮುದುಕಿ ಅವನನ್ನು ದಿಟ್ಟಿಸಿದಳು. “ಮರಿಗಳನ್ನೂ ಕೊಡ್ತೀಯಾ?”

“ಮರಿಗಳನ್ನೂ ಕೊಡ್ತೀನಿ.”

“ಹಾಗಾದ್ರೆ ಒಳಗೆ ಬಾ. ಆ ಹೆಂಗಸನ್ನೂ ಕರ್ಕೊಂಡು ಬಾ.”

ಹೋಟೆಲ್ಲಿನ ಊಟ ರದ್ದಾಯಿತು. ಅಯ್‌ಜಮಾಲ್ ಓಡೋಡಿ ಬಂದಳು. ಜಾನಿಲ್ ಅವಳನ್ನು ಅಡುಗೆಮನೆಯ ಮೂಲೆಗೆ ಎಳೆದುಕೊಂಡು ಹೋಗಿ, “ಹೆತ್ತವಳಿಗೆ ಒಂದು ಮಾತು ಹೇಳ್ಬಾರ್ದಿತ್ತಾ?” ಎಂದಳು.

“ಹೇಳಿದ್ರೆ ಈ ಸಂಬಂಧವೇ ಬೇಡ ಅಂತಿದ್ದೆ.”

ಅದು ನಿಜವಾಗಿತ್ತು. ಜಾನಿಲ್ ಹಿಟ್ಟಿಗೆ ಕೈ ಹಾಕಿ ನಾದತೊಡಗಿದಳು. ಮದುವೆ ನಿಶ್ಚಯವಾಯಿತು. ಬೀಗಿತ್ತಿಯ ಮೇಲಿನ ಸಿಟ್ಟು ಅವತ್ತೇ ಇಳಿಯಿತು. ಮಗಳ ಮೇಲಿನದು ಇಳಿಯಲು ಬಹಳ ಕಾಲ ಹಿಡಿಯಿತು.