ಕೆಂಪು ಮುಳ್ಳಿನ ಎರಡು ಸುತ್ತು

ಗೋಡೆ ಗಡಿಯಾರದ ಕೆಂಪು ಸೆಕೆಂಡ್ ಮುಳ್ಳು ಎಂಟರ ಹತ್ತಿರ ಬರುವಷ್ಟರಲ್ಲಿ ಸುಹಾಸಿನಿಯ ಇಂಗ್ಲಿಷ್ ಮುಗಿದುಹೋಯಿತು.

"ಯಾಕ ಸುಮ್ಮನಾದಿ?" ಅತ್ತೆ ಸುಮತಿಬಾಯಿ ಗಡಿಯಾರದಿಂದ ಕಣ್ಣು ಕೀಳದೆ ಕೇಳಿದರು. "ಇನ್ನೂ ಒಂದ ಸುತ್ತೂ ಆಗಿಲ್ಲ."

"ಮುಗೀತ್ರಿ ಅತ್ಯಾರ. ಮುಂದ ಏನ ಹೇಳಬೇಕೋ ತಿಳೀವಲ್ದು."

ಸುಮತಿಬಾಯಿಗೆ ಇಂಗ್ಲಿಷ್ ಬರುವುದಿಲ್ಲ. ಕಾಚಿಗೂಡದ ಈ ಬಾಡಿಗೆ ಮನೆಗೆ ಸೊಸೆಯಾಗಿ ಬಂದು ಮೂವತ್ತೆಂಟು ವರ್ಷವಾದರೂ, ತರಕಾರಿಯವನ ಜೊತೆಗಿನ ತೆಲುಗು, ಆಟೋದವನ ಜೊತೆಗಿನ ಹಿಂದಿ ಬಿಟ್ಟರೆ ಅವರದು ಬೀದರಿನ ಕನ್ನಡವೇ. ಆದರೆ ಗಡಿಯಾರ ನೋಡಲು ಯಾವ ಭಾಷೆ ಬೇಕು? ವಿದೇಶಕ್ಕೆ ಹೋಗುವವರ ಇಂಗ್ಲಿಷ್ ಪರೀಕ್ಷೆಯಲ್ಲಿ ಕೊಟ್ಟ ವಿಷಯದ ಮೇಲೆ ಎರಡು ನಿಮಿಷ ತಡೆಯಿಲ್ಲದೆ ಮಾತಾಡಬೇಕಂತೆ. ಹದಿನೈದು ದಿನಗಳಿಂದ, ಸೊಸೆ ಮಧ್ಯಾಹ್ನದ ಡ್ಯೂಟಿಗೆ ಹೊರಡುವ ಮೊದಲು, ಅವರು ಬೆತ್ತದ ಕುರ್ಚಿಯಲ್ಲಿ ಕೂತು ಮುಳ್ಳು ಕಾಯುತ್ತಿದ್ದರು. ಸುಹಾಸಿನಿ ಅಡುಗೆಮನೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಮಾತಾಡುತ್ತಿದ್ದಳು. ಹಿರಿಯರು ಕೂತಾಗ ಆ ಮನೆಯಲ್ಲಿ ಅವಳ ಜಾಗ ಅದು.

ಎರಡು ಸಲ ಆಗಲೇ ಫೇಲಾಗಿದ್ದಳು. ಓದಿನಲ್ಲಿ ಪಾಸು, ಬರಹದಲ್ಲಿ ಪಾಸು, ಮಾತಿನಲ್ಲಿ ಮಾತ್ರ ಡುಮ್ಕಿ. ಶನಿವಾರ ಮೂರನೆಯ ಸಲ. ಈ ಸಲ ದಾಟಿದರೆ ಐರ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ನರ್ಸ್ ಕೆಲಸ. ಆದರೆ ಅಲ್ಲಿ ಮನೆ ಮಾಡಿ ಎಂಟು ವರ್ಷದ ಮಗಳು ನಿಖಿತಾಳನ್ನು ಕರೆಸಿಕೊಳ್ಳಲು ಒಂದು ವರ್ಷವಾದರೂ ಬೇಕು; ಅಲ್ಲಿಯವರೆಗೆ ಮಗುವನ್ನು ನೋಡಿಕೊಳ್ಳುವವರು ಯಾರು? ಗಂಡ ವೈಜನಾಥನಿಗೆ ನಾಚಾರಂ ಕಾರ್ಖಾನೆಯ ಪಾಳಿ ಕೆಲಸ. "ಅವ್ವ ಹೂಂ ಅಂದ್ರ ನನ್ನದೇನೂ ಇಲ್ಲ" ಎಂದು ಜಾಣತನದಿಂದ ಜಾರಿಕೊಂಡಿದ್ದ. ಅವ್ವ ಹೂಂ ಅಂದಿರಲಿಲ್ಲ, ಉಹೂಂ ಅಂತಲೂ ಅಂದಿರಲಿಲ್ಲ. ಮುಳ್ಳು ಮಾತ್ರ ಕಾಯುತ್ತಿದ್ದರು.

"ಇವತ್ತಿನ ವಿಷಯದಾಗ ಏನ ಕೇಳ್ಯಾರ?"

"ಮಂದಿ ತಮ್ಮ ದೇಶ ಬಿಟ್ಟು ಯಾಕ ಹೋಗ್ತಾರ ಅಂತ."

ಸುಮತಿಬಾಯಿ ನಕ್ಕರು. "ಅದಕ್ಕ ಎರಡು ನಿಮಿಷ ಯಾಕ? ರೊಕ್ಕಕ್ಕ ಹೋಗ್ತಾರ. ಮುಗೀತು."

"ನಾನೂ ಅದನ್ನ ಹೇಳೀನ್ರಿ. ಪಗಾರ ಹೆಚ್ಚು, ಸಾಲಿ ಚಲೋ, ಗಾಳಿ ಸ್ವಚ್ಛ. ಕೋಚಿಂಗಿನಾಗ ಬರಸ್ಯಾರ."

"ಮಂದಿ ಸುದ್ದಿ ಬಿಡು. ಕನ್ನಡದಾಗ ಹೇಳು. ನೀ ಯಾಕ ಹೊಂಟಿ?" ಈಗ ಅವರು ನಗುತ್ತಿರಲಿಲ್ಲ.

ಈ ಪ್ರಶ್ನೆಯನ್ನು ಇಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಪಗಾರದ ಮಾತು ಕಿವಿಗೆ ಬಿದ್ದ ಮೇಲೆ ಕಾರಣ ಕೇಳುವ ಅಗತ್ಯ ವೈಜನಾಥನಿಗೂ ಕಂಡಿರಲಿಲ್ಲ. ಸುಹಾಸಿನಿ ತನ್ನ ಕಾಲುಗಳನ್ನೇ ನೋಡಿದಳು.

"ರೊಕ್ಕ ಬ್ಯಾಡ ಅನ್ನಂಗಿಲ್ರಿ. ಆದ್ರ ಖರೇ ಹೇಳಬೇಕಂದ್ರ, ಶ್ರೀವಿದ್ಯಾ ಒಂದು ಫೋಟೋ ಕಳಿಸಿದ್ಲು. ನಮ್ಮ ವಾರ್ಡಿನಾಗ ಇದ್ದಾಕಿ, ಎರಡು ವರ್ಷದ ಹಿಂದ ಐರ್ಲೆಂಡಿಗೆ ಹೋದ್ಲು. ಫೋಟೋದಾಗ ಸಮುದ್ರ ಇಲ್ಲ, ಹಿಮ ಇಲ್ಲ. ಡ್ಯೂಟಿ ಡ್ರೆಸ್ಸಿನಾಗ ಕುರ್ಚಿ ಮ್ಯಾಲ ಕುಂತು ಚಾ ಕುಡ್ಯಾಕತ್ತಾಳ. ಬಾಜೂಕ ದೊಡ್ಡ ಡಾಕ್ಟರು ನಿಂತು ತನ್ನ ಕಪ್ಪು ತಾನ ತೊಳ್ಯಾಕತ್ತಾನ."

"ಅಷ್ಟಕ್ಕ?"

"ನಮ್ಮ ವಾರ್ಡಿನಾಗ ಒಂದ ಕುರ್ಚಿ ಐತ್ರಿ. ಡಾಕ್ಟರು ಬಂದ್ರ ಕೂಡಾಕ. ಬರದಿದ್ರ ಖಾಲಿ ಇರ್ತೈತಿ. ಹದಿನಾಲ್ಕು ವರ್ಷಾತು, ಎಂಟು ತಾಸು ನಿಂತ ಬರೀತೀನಿ, ನಿಂತ ಔಷಧ ಜೋಡಸ್ತೀನಿ. ಒಂದಿನ ಕಾಲು ಭಾಳ ಬಾತಿದ್ವು, ಕುಂತೆ. ಹೊಸಾ ಡಾಕ್ಟರು ಬಂದ, ನನಕಿಂತ ಸಣ್ಣಾಂವ. ಏನೂ ಅನ್ನಲಿಲ್ಲ, ಸುಮ್ನ ನೋಡಿದ. ಎದ್ದು ನಿಂತೆ. ಯಾಕ ಎದ್ದೆ ಅಂತ ದಾರಿಗುಂಟ ನನ್ನ ಮ್ಯಾಲ ನನಗ ಸಿಟ್ಟು. ಮನಿಗೆ ಬಂದೆ..."

"ಬಂದಿ. ಮುಂದ?"

"ಇಲ್ಲೂ ನಿಂತೆ."

ಹೊರಗೆ ಸ್ಟೇಷನ್ನಿನ ಧ್ವನಿವರ್ಧಕ ಯಾವುದೋ ರೈಲು ತಡವೆಂದು ಮೂರು ಭಾಷೆಯಲ್ಲಿ ಹೇಳಿ ಮುಗಿಸಿತು.

"ನಾ ಯಾವಾಗ ನಿನಗ ಕೂಡಬ್ಯಾಡ ಅಂದೀನಿ?" ಸುಮತಿಬಾಯಿಯ ದನಿ ಏರಿತು.

"ನೀವು ಅಂದಿಲ್ರಿ. ಕೂಡು ಅಂತನೂ ಅಂದಿಲ್ಲ."

ಅಂದ ಮೇಲೆ ಸುಹಾಸಿನಿಗೆ, ಬರಬೇಕಾಗಿದ್ದ ಒಂದು ಹೂಂ ಅನ್ನು ತಾನೇ ಕೈಯಾರೆ ಕಳೆದುಕೊಂಡೆ ಅನಿಸಿತು.

ಸುಮತಿಬಾಯಿಗೆ ಸಿಟ್ಟು ಬಂದಿತ್ತು, ನಿಜ. ಯಾರ ಮೇಲೆ ಎಂದು ಮಾತ್ರ ಅವರಿಗೆ ಗೊತ್ತಾಗಲಿಲ್ಲ. ಈ ಬೆತ್ತದ ಕುರ್ಚಿ ಅವರ ಅತ್ತೆಯದು. ಆ ಮುದುಕಿ ಇರುವತನಕ, ಹತ್ತೊಂಬತ್ತು ವರ್ಷ, ಅದೇ ಬಾಗಿಲಿಗೆ ಬೆನ್ನು ಕೊಟ್ಟು ನಿಂತದ್ದು ತಾವೇ. ಬಾಗಿಲ ಚೌಕಟ್ಟಿನ ಮೇಲಿನ ತಲೆಯೆಣ್ಣೆಯ ಕಲೆ ಸುಹಾಸಿನಿಯದಷ್ಟೇ ಅಲ್ಲ, ಅವರದೂ ಹೌದು. ಅತ್ತೆಯ ಉತ್ತರಕ್ರಿಯೆ ಮುಗಿದ ಸಂಜೆ ಮೊದಲ ಸಲ ಈ ಕುರ್ಚಿಯಲ್ಲಿ ಕೂತಿದ್ದರು. ಎಂಥ ಸುಖವಾಯಿತೆಂದರೆ, ಸುಖವಾಯಿತಲ್ಲ ಎಂದು ನಾಚಿಕೆಯಾಗಿ ಅತ್ತಿದ್ದರು. ಬಂದ ನೆಂಟರು ದುಃಖವೆಂದುಕೊಂಡರು.

"ಇಲ್ಲೇ ಕುರ್ಚಿ ಸಿಕ್ರ ನೀ ಹೋಗಂಗಿಲ್ಲೇನು?" ಕೊನೆಗೆ ಕೇಳಿದರು.

ಸುಹಾಸಿನಿ ಸುಳ್ಳು ಹೇಳಬಹುದಿತ್ತು. ಅತ್ತೆಯ ಮುಖ ನೋಡಿದರೆ ಹೇಳಿಬಿಡೋಣ ಎಂದೂ ಅನಿಸಿತು.

"ಮನ್ಯಾಗ ಸಿಗಬಹುದ್ರಿ, ವಾರ್ಡಿನಾಗ ಸಿಗಂಗಿಲ್ಲ. ಮತ್ತ ನಿಖಿತಾನೂ ಕಲ್ಯಾಕತ್ತಾಳ. ಮೊನ್ನಿ ಮನಿ ಮಾಲಕರು ಬಂದಾಗ, ಹೋಂವರ್ಕ್ ಮಾಡಕೋತ ಕುಂತಾಕಿ ಎದ್ದು ಬಂದು ನನ್ನ ಬಾಜೂಕ ಇಲ್ಲೇ ನಿಂತ್ಲು. ಯಾರೂ ಆಕಿಗೆ ಹೇಳಿರಲಿಲ್ಲ."

ಸುಮತಿಬಾಯಿ ಕುರ್ಚಿಯ ಕೈಗಳ ಮೇಲೆ ಭಾರ ಊರಿ, ಮೊಣಕಾಲು ಸಂಭಾಳಿಸಿಕೊಂಡು ಎದ್ದರು.

"ಪರೀಕ್ಷಾದಾಗ ನಿಂದರಿಸಿ ಮಾತಾಡಸ್ತಾರೇನು?"

"ಇಲ್ರಿ. ಎದುರಾಬದರ ಕುರ್ಚಿ ಇರ್ತಾವ."

"ಹಂಗಾದ್ರ ಹದಿನೈದು ದಿನ ಉಲ್ಟಾ ಕಲತಂಗಾತು. ಬಾ, ಕೂಡು."

ಸುಹಾಸಿನಿ ಬಂದು ಕುರ್ಚಿಯ ಅಂಚಿಗೆ ಕೂತಳು. ಬೆತ್ತ ಇನ್ನೂ ಬೆಚ್ಚಗಿತ್ತು.

"ಹಂಗಲ್ಲ. ಬೆನ್ನ ಹಚ್ಚಿ ಕೂಡು."

ಹಿಂದೆ ಸರಿದು ಕೂತಳು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡಳು.

"ಕೋಚಿಂಗಿಂದು ಬ್ಯಾಡ. ಈಗ ನನಗ ಏನ ಹೇಳಿದಿ, ಅದನ್ನ ಇಂಗ್ಲಿಷಿನಾಗ ಹೇಳು," ಅಂದರು ಸುಮತಿಬಾಯಿ. ತುಸು ತಡೆದು, "ನಿಖಿತಾಂದು ಜಡಿ ಇನ್ನ ಮ್ಯಾಲ ನಾ ಹಾಕ್ತೀನಿ. ಸೋಮವಾರದಿಂದ ರೂಢಿ ಆಗ್ಲಿ ಆಕಿಗೆ," ಎಂದರು.

ತಾನು ಕಾದಿದ್ದ ಹೂಂ ಇದೇ ಎಂದು ಸುಹಾಸಿನಿಗೆ ತಿಳಿಯಿತು. ಆದರೆ ಕೆಂಪು ಮುಳ್ಳು ಹನ್ನೆರಡಕ್ಕೆ ಬಂದಿತ್ತು, ಅತ್ತೆ ಆಗಲೇ ಕೈ ಎತ್ತಿದ್ದರು. ಶುರು ಮಾಡಿದಳು. ಎರಡು ಕಡೆ ತಡವರಿಸಿದಳು, ಒಂದು ಕಡೆ ಹಿಂದಿ ನುಸುಳಿತು, ಆದರೂ ಮಾತು ನಿಲ್ಲಲಿಲ್ಲ. ಸುಮತಿಬಾಯಿಗೆ ತಿಳಿದದ್ದು 'ಚೇರ್' ಅನ್ನುವ ಒಂದೇ ಶಬ್ದ. ಅದು ಬಂದಾಗಲೆಲ್ಲ ತಲೆಯಾಡಿಸಿದರು.

ಮುಳ್ಳು ಎಂಟು ದಾಟಿತು, ಹನ್ನೆರಡು ದಾಟಿತು. ಎರಡನೆಯ ಸುತ್ತೂ ಮುಗಿಯಿತು. ಸುಮತಿಬಾಯಿ ಸಾಕು ಅನ್ನಲಿಲ್ಲ. ಅಡುಗೆಮನೆ ಬಾಗಿಲಿಗೆ ಬೆನ್ನು ಕೊಟ್ಟು, ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸುತ್ತ, ಗಡಿಯಾರ ನೋಡುತ್ತ ನಿಂತಿದ್ದರು.