ಡಾಬಕಾದ ಖಾಲಿ ಚಾಪೆಗಳು

ಭಾಲ್ಕಿಯಿಂದ ಡಾಬಕಾಕ್ಕೆ ಬೈಕಿನ ಮೇಲೆ ಹೋಗಿಬರಲು ತಗಲುವ ಖರ್ಚು ಇಷ್ಟು: ಎರಡು ಲೀಟರ್ ಪೆಟ್ರೋಲು, ಮಧ್ಯಾಹ್ನದ ಊಟ, ಬೆನ್ನುನೋವು, ಮನೆಯಾಕೆಯ ಮುನಿಸು. ಇಷ್ಟನ್ನೂ ತೆತ್ತು ಸುಧಾಕರ ಪಾಸ್ಟರು ಹದಿನೈದು ದಿನಕ್ಕೊಮ್ಮೆ ಅಲ್ಲಿಗೆ ಹೋಗುತ್ತಿದ್ದುದು ಎಂಟು ಜನರ ಸಭೆಗೆ.

“ಎಂಟ ಮಂದಿಗಿ ಫೋನಿನ್ಯಾಗ ಹೇಳಿದ್ರ ಆಗಲ್ಲೇನ್ರಿ?” ಎಂದು ಹೆಂಡತಿ ಪ್ರಮೀಳಾ ಚುಚ್ಚುತ್ತಿದ್ದಳು. ಬೀದರಿನ ಹಿರಿಯ ಪಾಸ್ಟರೂ ಅದನ್ನೇ ನಯವಾಗಿ ಹೇಳಿದ್ದರು: ಡಾಬಕಾದವರನ್ನು ಕಮಲನಗರದ ಸಭೆಗೆ ಸೇರಿಸಿಬಿಡಬಹುದು, ನಿರ್ಧಾರ ನಿಮ್ಮದು. ಸುಧಾಕರರಿಗೂ ಸಾಕಾಗಿತ್ತು. ಬೆಳಗ್ಗೆ ಭಾಲ್ಕಿ, ಆಮೇಲೆ ಮೆಹಕರ, ಕೊನೆಗೆ ಡಾಬಕಾ. ಮೂರನೆಯ ಊರು ಮುಟ್ಟುವಷ್ಟರಲ್ಲಿ ತಮ್ಮ ಬೋಧನೆ ತಮಗೇ ಹಳಸಿದಂತೆ ಅನ್ನಿಸುತ್ತಿತ್ತು. ಆ ಭಾನುವಾರ, ಇನ್ನು ಮೇಲೆ ಕಮಲನಗರದ ಸಭೆಗೇ ಹೋಗಿ ಎಂದು ತಿಳಿಸಿಯೇ ಬರುವುದೆಂದು ಹೊರಟರು.

ತಗಡಿನ ಚರ್ಚಿನಲ್ಲಿ ಎಂದಿನಂತೆ ಎಂಟು ಜನ ಕುಳಿತಿದ್ದರು. ಚಾಪೆ ಮಾತ್ರ ಗೋಡೆಯಿಂದ ಗೋಡೆಗೆ ಹಾಸಿತ್ತು. ಜನ ಕಡಿಮೆಯಾದರೆಂದು ಆ ಖಾಲಿ ಚಾಪೆಗಳು ತಮ್ಮನ್ನು ಹಂಗಿಸುತ್ತಿವೆ ಎಂದೇ ಪಾಸ್ಟರು ತಿಳಿದಿದ್ದರು. ಅಂದು ತಡೆಯಲಾರದೆ, ಅವನ್ನು ಸುತ್ತಿಡಲು ತಬಿತಾಬಾಯಿಗೆ ಹೇಳಿದರು. ಕಸ ಗುಡಿಸಿ ದೀಪ ಹಚ್ಚುವ ಮುದುಕಿ ಅವಳು; ಆ ಚರ್ಚು ನಿಂತಿದ್ದೇ ಅವಳಿಂದ.

ಮುದುಕಿ ಸುತ್ತಲಿಲ್ಲ. ಇದು ಕಬ್ಬು ಕಡಿಯಲು ಹೋದವರದು, ಅದು ಪುಣೆಗೆ ಗಾರೆ ಕೆಲಸಕ್ಕೆ ಹೋದವರದು, ಮೂಲೆಯದು ಲಾತೂರಿನ ಆಸ್ಪತ್ರೆಯಲ್ಲಿರುವ ತನ್ನ ಸೊಸೆಯದು ಎಂದು ಒಂದೊಂದಾಗಿ ತೋರಿಸಿದಳು. ಊರಲ್ಲಿಲ್ಲದವರಿಗೆ ಚಾಪೆ ಹಾಸಿ, ಅದರ ಮುಂದೆ ಕುಳಿತು, ಅವರ ಹೆಸರು ಹಿಡಿದು ಬೇಡಿಕೊಳ್ಳುವುದು ಅಲ್ಲಿಯವರ ರೂಢಿ. ಅದನ್ನು ಯಾವ ಪಾಸ್ಟರೂ ಕಲಿಸಿದ್ದಲ್ಲ.

“ನನಗ್ಯಾಕ ಹೇಳಿಲ್ಲ, ಆಯಿ?”

“ನೀವು ಬಂದಾಗ ನಿಮ್ಮ ಪ್ರಾರ್ಥನಾ ಇರ್ತದರಿ ಅಯ್ಯನೋರ. ನೀವು ಬರದ ವಾರ ನಾವೇ ಮಾಡ್ತೇವಿ. ಅವತ್ತ ನಿಮ್ಮ ಹೆಸರಿಂದೂ ಒಂದ ಚಾಪಿ ಇರ್ತದ.” ಮುದುಕಿ ಬೊಚ್ಚುಬಾಯಿ ಬಿಟ್ಟು ನಕ್ಕಳು. “ಬಾಗಲ ಬಾಜೂಕೇ ಹಾಸ್ತೇವ್ರಿ. ತಡ ಮಾಡಿ ಬರೋರು ನೀವು.”

ಹೇಳಬೇಕೆಂದು ತಂದಿದ್ದ ಮಾತನ್ನು ಪಾಸ್ಟರು ನುಂಗಿದರು. ಬಾಗಿಲ ಬಳಿಯ ಚಾಪೆಯ ಮೇಲೆ ಕುಳಿತು, ಇವತ್ತು ನೀವೇ ಪ್ರಾರ್ಥಿಸಿ ಎಂದರು. ಮರುದಿನ ಬೀದರಿಗೆ ಫೋನು ಮಾಡಿ, ಡಾಬಕಾದ ಸಭೆ ಇದ್ದಲ್ಲೇ ಇರಲಿ ಎಂದು ತಿಳಿಸಿದರು.

ಭಾನುವಾರದ ವಿಶ್ರಾಂತಿ ಹೋಯಿತು. ಪ್ರಮೀಳಾಳ ಮುನಿಸು ಉಳಿಯಿತು. ಊರೂರು ತಿರುಗಿ ಎಲ್ಲರಿಗಾಗಿ ಪ್ರಾರ್ಥಿಸುತ್ತಿದ್ದವರಿಗೆ, ತಮಗಾಗಿ ಪ್ರಾರ್ಥಿಸುವ ಎಂಟು ಜನ ಸಿಕ್ಕರು.