ಹಬ್ಬದ ಮಾತ್ರೆ

"ಲೇ ಮೌನಿಕಾ, ಆ ಕಡೆ ಸರ್ಕಳೇ. ಪೂಜೆ ನೀರು ತರೋ ದಾರಿ ಇದು. ಮುಟ್ಟಾದ ಮುಂಡೇವು ದಾರೀಗೆ ಕಾಲು ಚಾಚ್ಕಂಡು ಕುಂತಾವೆ."

ಪೂಜಾರಿ ಕಾಟಲಿಂಗಪ್ಪ ದೂರದಲ್ಲೇ ನಿಂತು ಕೂಗಿದ. ನಾನು ಬೇಲಿಯಾಚೆ, ಜಾಲಿಮರದ ಕೆಳಗಿನ ತಗಡಿನ ಗೂಡಿನಲ್ಲಿದ್ದೆ. ನಮ್ಮ ಗೊಲ್ಲರ ಹಟ್ಟಿಯಲ್ಲಿ ಮುಟ್ಟಾದವರು ಒಳಗಿರುವಂತಿಲ್ಲ. ಮುಗಿಯುವವರೆಗೆ ಅನ್ನ, ನೀರು ಎಲ್ಲ ದೂರದಿಂದಲೇ. ಕ್ರಾಪು ಹೊಡೆಸಿ, ಪ್ಯಾಂಟು ತೊಟ್ಟು, ಮನಸ್ಸಿನಲ್ಲೇ ಜುಂಜೇಶ್ ಎಂದು ಹೆಸರಿಟ್ಟುಕೊಂಡವನಾದ ನನಗೂ ಅದೇ ಗೂಡು. ಅಲ್ಲಿ ಕುರಿಹಿಕ್ಕೆಯ ನಾತ, ನೊಣ, ನನ್ನದೇ ರಕ್ತದ ವಾಸನೆ. ಬೇರೆ ಹೆಂಗಸರು ಆ ಗೂಡನ್ನಷ್ಟೇ ಬೈಯುತ್ತಾರೆ. ನಾನು ಗೂಡನ್ನೂ ಬೈಯುತ್ತಿದ್ದೆ, ನನ್ನ ಮೈಯನ್ನೂ ಬೈಯುತ್ತಿದ್ದೆ.

ಗೂಡಿನಿಂದ ಹೊರಬಂದ ವಾರವೇ ಹಿರಿಯೂರಿನ ಒಬ್ಬ ಡಾಕ್ಟರ ಹತ್ತಿರ ಹೋದೆ. ಗಂಡಸಿನ ಹಾರ್ಮೋನು ಕೊಡ್ತೀರಾ ಎಂದು ಕೇಳಿದ್ದಕ್ಕೆ ಅವನು ಕಾಂಪೌಂಡರನ್ನು ಒಳಗೆ ಕರೆದ.

"ನೋಡ್ರಿ, ಇದಕ್ಕೆ ಮೀಸೆ ಬೇಕಂತೆ."

ಇಬ್ಬರೂ ನಕ್ಕರು. "ಮದುವೆ ಆಗಮ್ಮ. ಒಂದು ಮಗು ಆದ್ರೆ ತಲೆ ನೆಟ್ಟಗಾಗುತ್ತೆ" ಎಂದ ಡಾಕ್ಟರು. ಅವನ ಕೈ ನನ್ನ ಅಂಗಿಯ ಗುಂಡಿಗೆ ಬಂತು. ಪರೀಕ್ಷೆಯಂತೆ. ತಳ್ಳಿ ಎದ್ದು ಬಂದೆ. ಆ ಬೆರಳುಗಳ ಸ್ಪಿರಿಟ್ ವಾಸನೆ ಎಷ್ಟು ಉಜ್ಜಿದರೂ ಹೋಗಲಿಲ್ಲ.

ಆಮೇಲೆ ಚಿತ್ರದುರ್ಗಕ್ಕೆ ಹೋದೆ. ಅಲ್ಲಿನ ತೇಜಸ್ವಿನಿ ಡಾಕ್ಟರು ನಗಲೂ ಇಲ್ಲ, ಕನಿಕರಪಡಲೂ ಇಲ್ಲ. ಕೂರಿಸಿ ಹೇಳಿದರು. "ಇಂಜೆಕ್ಷನ್ ಇದೆ, ಮೈಗೆ ಹಚ್ಚೋ ಜೆಲ್ ಇದೆ. ದನಿ ಒಮ್ಮೆ ಒಡೆದ್ರೆ ಮತ್ತೆ ಹಿಂದಕ್ಕೆ ಬರಲ್ಲ. ಮುಂದೆ ಮಕ್ಕಳು ಬೇಕು ಅನ್ಸಿದ್ರೆ ಈಗ್ಲೇ ಯೋಚಿಸ್ಬೇಕು. ಮೊದಲು ರಕ್ತ ಪರೀಕ್ಷೆ ಆಗ್ಬೇಕು, ಮನಸ್ಸಿನ ಡಾಕ್ಟರ ಹತ್ರಾನೂ ಮಾತಾಡ್ಬೇಕು. ಬರೀ ಮುಟ್ಟು ನಿಲ್ಲೋದೇ ಸಾಕು ಅಂದ್ರೆ ಅದಕ್ಕೆ ಬೇರೆ ಮಾತ್ರೆ ಇದೆ. ಅದರಿಂದ ಗಡ್ಡ ಬರಲ್ಲ, ದನಿ ಬದಲಾಗಲ್ಲ. ನಿಮಗೆ ಬೇಕಾಗಿರೋದು ಯಾವುದು ಅಂತ ತಿಳ್ಕೊಂಡು ಬನ್ನಿ."

ವಾಪಸು ಬರುವ ಬಸ್ಸಿನಲ್ಲಿ ಅದೊಂದೇ ಯೋಚನೆ. ಗೂಡಿನಿಂದ ತಪ್ಪಿಸಿಕೊಳ್ಳಲು ಕೇಳುತ್ತಿದ್ದೇನೆಯೇ? ಅಂಥ ಗೂಡೇ ಇಲ್ಲದ ಊರಿನಲ್ಲಿ ಹುಟ್ಟಿದ್ದರೂ ಕೇಳುತ್ತಿದ್ದೆನೇ? ನಮ್ಮ ಹಟ್ಟಿ ಹತ್ತಿರದ ಯಲ್ಲದಕೆರೆ ಬರುವಷ್ಟರಲ್ಲಿ ಉತ್ತರ ಸಿಕ್ಕಿತ್ತು. ಕೇಳುತ್ತಿದ್ದೆ. ಕಂಡಕ್ಟರು "ಎಲ್ಲಿಗಮ್ಮ" ಎಂದಾಗ ನನ್ನ ಬಾಯಿಂದ ಬಂದ ಆ ತೆಳು ದನಿ ನನ್ನದಾಗಿರಲಿಲ್ಲ.

ಅವ್ವ ಚಿತ್ತಮ್ಮನಿಗೆ ಹೇಳಿದೆ. ಗೋಳೋ ಎಂದು ಅತ್ತಳು. ಪಕ್ಕದ ಮನೆಯವರು ಏನೆಂದು ಕೇಳಿದರು, ಅವಳು ಹೇಳಿಬಿಟ್ಟಳು. ಪೂಜಾರಿಗೂ ಸುದ್ದಿ ಹೋಯಿತು.

ಅಷ್ಟರಲ್ಲಿ ದೇವರ ಹಬ್ಬ ಬಂತು. ಹಬ್ಬದಲ್ಲಿ ಯಾರೂ ಹೊರಗಾಗಬಾರದೆಂದು ಪೂಜಾರಿ ಔಷಧಿ ಅಂಗಡಿಯಿಂದ ಮುಟ್ಟು ಮುಂದೂಡುವ ಮಾತ್ರೆ ತರಿಸಿ ಮನೆಮನೆಗೆ ಹಂಚುತ್ತಾನೆ. ಅದಕ್ಕೆ ಡಾಕ್ಟರೂ ಬೇಡ, ರಕ್ತ ಪರೀಕ್ಷೆಯೂ ಬೇಡ. ಅದೂ ಹಾರ್ಮೋನೇ ಎಂದು ತೇಜಸ್ವಿನಿ ಡಾಕ್ಟರು ಹೇಳಿದ್ದರು. ಅವ್ವ ವರ್ಷಾ ವರ್ಷ ನುಂಗಿದ್ದಾಳೆ. ನುಂಗಿ ವಾಂತಿ ಮಾಡುತ್ತಾಳೆ, ಕಾಲು ಬಾತುಕೊಳ್ಳುತ್ತವೆ. ಹಬ್ಬ ಮುಗಿದ ಮೇಲೆ ಗೂಡಿನಲ್ಲಿ ಬಿದ್ದು ಹೊಟ್ಟೆ ಹಿಡಿದುಕೊಂಡು ಹೊರಳಾಡುತ್ತಾಳೆ.

ಕಾಟಲಿಂಗಪ್ಪ ನಮ್ಮ ಬಾಗಿಲಿಗೆ ಬಂದು, ಕೈ ತಾಗದಂತೆ ಮೇಲಿನಿಂದ ಅವ್ವನ ಸೆರಗಿಗೆ ಮಾತ್ರೆ ಉದುರಿಸಿದ. ಆಮೇಲೆ ನನ್ನ ಕಡೆ ತಿರುಗಿದ.

"ಏನೇ, ಗಂಡಸಾಗ್ತೀಯಂತೆ. ತೊಡೆ ಮಧ್ಯೆ ಏನು ಕಟ್ಕಂತೀಯ, ಸೌಟಾ? ದೇವ್ರು ಕೊಟ್ಟ ಮೈಗೆ ಸೂಜಿ ಚುಚ್ಚುಸ್ಕಂಡು ಕೆಡುಸ್ತೀಯಾ, ಬೋಸೂಡಿ."

"ಈ ಮಾತ್ರೆ ಯಾವ ದೇವ್ರು ಕೊಟ್ಟಿದ್ದು ಪೂಜಾರಪ್ಪ? ನಮ್ಮವ್ವನ ಮೈ ಕೆಟ್ಟಿಲ್ವಾ?"

"ಇದು ದೇವ್ರ ಸಲುವಾಗಿ. ನಿಂದು ನಿನ್ನ ತೀಟೆಗೆ." ಹತ್ತಿರ ಬಂದು ದನಿ ತಗ್ಗಿಸಿದ. "ಬೇಕಿದ್ರೆ ವರ್ಷಪೂರ್ತಿ ಇದನ್ನೇ ನುಂಗು. ಹೊರಗಾಗೋದು ತಪ್ಪುತೈತೆ. ಪ್ಯಾಂಟು ಹಾಕ್ಕಂಡ್ರೂ ನಾನೇನೂ ಅನ್ನಲ್ಲ. ಮೀಸೆ ಗೀಸೆ ಅಂದ್ಯೋ, ನಿಮ್ಮವ್ವನ್ನೂ ಸೇರ್ಸಿ ಹಟ್ಟಿ ಬಿಡುಸ್ತೀನಿ. ಈಗ ನುಂಗು, ನನ್ನ ಕಣ್ಮುಂದೆ."

ನನ್ನ ರಕ್ತ ನಿಂತರೆ ಅವನಿಗೆ ಸಾಕಾಗಿತ್ತು. ಆ ರಕ್ತದ ಹಿಂದಿರುವವನು ಬದುಕುವುದು ಬೇಕಿರಲಿಲ್ಲ. ಅವ್ವ ಒಂದು ಮಾತ್ರೆ ಬಿಡಿಸಿ ನನ್ನ ಮುಂದೆ ಹಿಡಿದಳು. ನನ್ನ ಮುಖ ನೋಡಲಿಲ್ಲ.

ಮಾತ್ರೆ ತೆಗೆದುಕೊಂಡೆ. ಅವನ ಅಂಗೈ ಎಳೆದು ಅದರಲ್ಲಿಟ್ಟು, ಅವನ ಬೆರಳುಗಳನ್ನು ನನ್ನ ಎರಡೂ ಕೈಯಿಂದ ಮುಚ್ಚಿದೆ.

"ನಾನು ಬೆಳಿಗ್ಗೇನೇ ಹೊರಗಾಗಿದೀನಿ. ಗೂಡಿಗೆ ಹೋಗಿಲ್ಲ. ಇದನ್ನ ನೀನೇ ನುಂಗು."

ಅಷ್ಟು ವರ್ಷ ಅಸಹ್ಯಪಟ್ಟ ಆ ರಕ್ತ ಮೊದಲ ಸಲ ನನ್ನ ಪರ ನಿಂತಿತ್ತು. ಹಬ್ಬಕ್ಕೆ ದೇವರ ಪೆಟ್ಟಿಗೆ ಹೊರಬೇಕಾದವನು ಅವನೇ. ಕಾಟಲಿಂಗಪ್ಪ ಕೈಯನ್ನು ಮೈಯಿಂದ ದೂರ ಹಿಡಿದು ಅಂಗಳದ ನಡುವೆ ನಿಂತ. ಏನು ಮುಟ್ಟಬೇಕೋ, ಎಲ್ಲಿ ಹೋಗಬೇಕೋ ಅವನಿಗೆ ತಿಳಿಯಲಿಲ್ಲ.

"ಚಿತ್ತಮ್ಮ, ನೀರು ಹಾಕೇ. ಬೇಗ ನೀರು ಹಾಕೇ."

"ನಂಗೆ ಈ ಮಗೀನ ಸೂಜಿ ಬ್ಯಾಡ, ಗಡ್ಡಾನೂ ಬ್ಯಾಡ" ಎಂದಳು ಅವ್ವ. ಆಮೇಲೆ ಅವಳು ಸೆರಗು ಕೊಡವಿದಳು. ಮಾತ್ರೆಗಳು ಅವನ ಪಾದದ ಮೇಲೆ ಬಿದ್ದವು. "ನಿಂದೂ ಬ್ಯಾಡ. ನುಂಗಿ ನುಂಗಿ ನನ್ನ ಕರುಳು ಕಿತ್ತು ಬಂದೈತೆ."

ಅಕ್ಕಪಕ್ಕದ ಬಾಗಿಲುಗಳಲ್ಲಿ ಹೆಂಗಸರು ನಿಂತಿದ್ದರು. ಅವನು ಒಬ್ಬೊಬ್ಬರನ್ನೇ ಹೆಸರು ಹಿಡಿದು ನೀರು ಕೇಳಿದ. ಯಾರೂ ಕೊಡ ಮುಟ್ಟಲಿಲ್ಲ.

ದುರ್ಗದ ಬಸ್ಸಿಗೆ ಹೊತ್ತಾಗಿತ್ತು. ಇಂಜೆಕ್ಷನ್ನೇ ಬೇಕು ಎಂದು ತೇಜಸ್ವಿನಿ ಡಾಕ್ಟರಿಗೆ ಹೇಳಲು ಹೊರಟೆ. ಹೊರಗಾದವರು ಸುತ್ತಿ ಹೋಗುವ ಬೇಲಿ ಪಕ್ಕದ ದಾರಿ ಬಿಟ್ಟು ಗುಡಿಯ ಮುಂದಿನಿಂದಲೇ ನಡೆದೆ. ತೊಡೆಯ ಮೇಲೆ ರಕ್ತ ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ.